ಅಜ್ಜಿ ಕಾಲದ ಕಷಾಯಕ್ಕೂ ಪರೀಕ್ಷೆ ಬೇಕಾ?

ಪ್ರಶ್ನೆ: ಕೆಮ್ಮಿಗೆಂದು ಅಮ್ಮ ಒಂದು ತಿಂಗಳಿಂದ ದಿನಾ ಜೇಷ್ಠಮಧು ಕಷಾಯ ಕುಡಿಯುತ್ತಿದ್ದಾರೆ. ಈಗ ಬಿಪಿ ಏರಿದೆ, ಕಾಲು ಊದಿದೆ. "ಅಜ್ಜಿ ಕಾಲದ ಮದ್ದು, ಏನಾಗುತ್ತೆ?" ಎನ್ನುತ್ತಾರೆ. ನಾನು ಸುಮ್ನೆ ಹೆದರುತ್ತಿದ್ದೇನಾ?

ಉತ್ತರ 1: ಸುಮ್ನೆ ಅಲ್ಲ. ಜೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಜಾಸ್ತಿಯಾದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಇಂದೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕಷಾಯದ ವಿಷಯ ಮುಚ್ಚಿಡಬೇಡಿ. ನಾನು ಮುಚ್ಚಿಟ್ಟು ಬೈಸಿಕೊಂಡವನು!

ಉತ್ತರ 2: ವಾಂತಿ, ಭೇದಿ ಆದರೆ ಅಜ್ಜಿಗೆ ತಕ್ಷಣ ಗೊತ್ತಾಗುತ್ತಿತ್ತು. ನಿಧಾನಕ್ಕೆ ಆಗುವ ಹಾನಿ ಹೇಗೆ ಗೊತ್ತಾಗಬೇಕು? 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಹಾಕಬೇಕಿದ್ದ ಗಿಡದ ಬದಲು ಅರಿಸ್ಟೊಲೋಕಿಯಾ ಎಂಬ ವಿಷದ ಗಿಡ ಸೇರಿ ಎಷ್ಟೋ ಜನರ ಕಿಡ್ನಿ ಹಾಳಾಯಿತು. ಹಾಗಂತ ಗಿಡಮೂಲಿಕೆಯೇ ಬೇಡ ಅನ್ನುವುದಿಲ್ಲ. ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ಸಿಕ್ಕಿದ್ದೂ ಗಿಡದಿಂದಲೇ ಅಲ್ವಾ?

ಪ್ರಶ್ನೆ ಕೇಳಿದವಳು: ಕಷಾಯ ನಿಲ್ಲಿಸಿದೆವು. ಅಮ್ಮನ ಮುಖ ಊದಿಕೊಂಡಿದೆ, ಇದು ಸಿಟ್ಟಿಗೆ! ಈಗಲೇ ಡಾಕ್ಟರ್ ಹತ್ತಿರ ಹೊರಟೆವು.