ಅಪ್‌ಡೇಟ್ ಆದ ಮೇಲೆ ಪರಿಶೀಲಕರ ಕಾಮೆಂಟ್‌ಗಳಿರುವ ಫೈಲ್ ದೋಷ ತೋರಿಸುತ್ತಿದೆ: ಕಾಮೆಂಟ್‌ಗಳನ್ನು ಕಳೆದುಕೊಳ್ಳದೆ ಸರಿಪಡಿಸುವುದು ಹೇಗೆ?

ಪ್ರಶ್ನೆ

ಹಲವು ಲೇಖಕರು ಸೇರಿ ಬರೆದ ದೊಡ್ಡ ವರದಿಯೊಂದನ್ನು ಸಂಪಾದಿಸುವ ಹೊಣೆ ನನ್ನ ಮೇಲಿದೆ. ಅದರ ಕರಡನ್ನು ಡಿಒಸಿಎಕ್ಸ್ ಎಂಬ ವರ್ಡ್ ಫೈಲಿನ ರೂಪದಲ್ಲಿ ಮೂವರು ಪರಿಶೀಲಕರಿಗೆ ಕಳುಹಿಸಿದ್ದೆವು. ಅವರು ಬೇರೆ ಬೇರೆ ತಂತ್ರಾಂಶಗಳಲ್ಲಿ ಕಾಮೆಂಟ್ ಬರೆದು ಹಿಂದಿರುಗಿಸಿದ ಪ್ರತಿಗಳನ್ನು ನಮ್ಮ ಸಹೋದ್ಯೋಗಿಯೊಬ್ಬರು ಬರೆದುಕೊಟ್ಟ ಸಣ್ಣ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್‌ನ ಮೂಲಕ ಒಂದೇ ಫೈಲಿಗೆ ಸೇರಿಸಿದೆವು. ಅದು ಯಾವ ತಕರಾರೂ ಇಲ್ಲದೆ ತೆರೆಯುತ್ತಿತ್ತು.

ಬರವಣಿಗೆಯ ತಂತ್ರಾಂಶ ಅಪ್‌ಡೇಟ್ ಆದ ನಂತರ ಅದೇ ಫೈಲನ್ನು ತೆರೆದರೆ, ಓದಲಾಗದ ಅಂಶವೊಂದು ಸಿಕ್ಕಿದೆ, ಉಳಿದದ್ದನ್ನು ಮರಳಿ ಪಡೆಯಬೇಕೇ ಎಂಬ ಸಂದೇಶ ಬರುತ್ತದೆ. ಹೌದು ಎಂದರೆ ವರದಿಯ ಪಠ್ಯವೆಲ್ಲ ಸರಿಯಾಗಿ ಬರುತ್ತದೆ, ಆದರೆ ಕಾಮೆಂಟ್‌ಗಳಲ್ಲಿ ಬಹಳಷ್ಟು ಕಾಣೆಯಾಗುತ್ತವೆ. ವಿವರ ತೋರಿಸುವ ಗುಂಡಿಯನ್ನು ಒತ್ತಿದಾಗ ಕಾಮೆಂಟ್ಸ್ ಎಂಬ ಎಕ್ಸ್‌ಎಂಎಲ್ (ಮಾಹಿತಿಯನ್ನು ಗುರುತುಗಳ ನಡುವೆ ಬರೆದಿಡುವ ಪಠ್ಯ ರೂಪ) ಭಾಗದ ಹೆಸರೂ ಎರಡನೆಯ ಸಾಲು ಎಂಬ ಸೂಚನೆಯೂ ಕಾಣಿಸುತ್ತವೆ. ಬಹಳ ಹಳೆಯ ಆವೃತ್ತಿ ಇರುವ ಇನ್ನೊಂದು ಕಂಪ್ಯೂಟರ್‌ನಲ್ಲಿ ಮಾತ್ರ ಇದೇ ಫೈಲ್ ಇಂದಿಗೂ ಎಲ್ಲ ಕಾಮೆಂಟ್‌ಗಳ ಸಮೇತ ತೆರೆಯುತ್ತದೆ.

ಕಾಮೆಂಟ್‌ಗಳನ್ನೆಲ್ಲ ಅಳಿಸಿದರೆ ದೋಷ ಹೋಗುತ್ತದೆ ಎಂಬುದನ್ನು ಬಲ್ಲೆ. ಆದರೆ ಪ್ರತಿಯೊಂದು ಆಕ್ಷೇಪಕ್ಕೂ ಲೇಖಕರು ಲಿಖಿತ ಉತ್ತರ ಕೊಡಬೇಕಾಗಿರುವುದರಿಂದ ಯಾರು, ಎಲ್ಲಿ, ಏನು ಹೇಳಿದ್ದಾರೆ ಎಂಬುದು ಉಳಿಯಲೇಬೇಕು. ದಾರಿಯೇನಾದರೂ ಇದೆಯೇ?

ಮೊದಲ ಉತ್ತರ

ದಾರಿ ಇದೆ. ಆದರೆ ಮೊದಲು ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿರಿಸಿ. ತಂತ್ರಾಂಶ ದುರಸ್ತಿ ಮಾಡಿ ತೆರೆದ ಪ್ರತಿಯನ್ನು ಅದೇ ಹೆಸರಿನಲ್ಲಿ ಎಂದಿಗೂ ಉಳಿಸಬೇಡಿ, ಏಕೆಂದರೆ ದುರಸ್ತಿ ಎಂದು ಅದು ಮಾಡುವುದು ತನಗೆ ಅರ್ಥವಾಗದ ಭಾಗವನ್ನು ಕೈಬಿಡುವ ಕೆಲಸವನ್ನು. ಹಾಗೆ ಉಳಿಸಿದ ಮೇಲೆ ಕಾಮೆಂಟ್‌ಗಳನ್ನು ಹುಡುಕಲು ಆ ಫೈಲಿನೊಳಗೆ ಏನೂ ಇರುವುದಿಲ್ಲ.

ಡಿಒಸಿಎಕ್ಸ್ ಎನ್ನುವುದು ಹಲವು ಎಕ್ಸ್‌ಎಂಎಲ್ ಕಡತಗಳನ್ನು ಒಟ್ಟುಗೂಡಿಸಿದ ಜಿಪ್ ಪೊಟ್ಟಣ. ನಿಮ್ಮ ವರದಿಯ ಪಠ್ಯ ಡಾಕ್ಯುಮೆಂಟ್ ಎಂಬ ಕಡತದಲ್ಲಿದ್ದರೆ, ಪರಿಶೀಲಕರು ಬರೆದ ಮಾತುಗಳು ಕಾಮೆಂಟ್ಸ್ ಎಂಬ ಪ್ರತ್ಯೇಕ ಕಡತದಲ್ಲಿರುತ್ತವೆ. ಪಠ್ಯದಲ್ಲಿ ಉಳಿಯುವುದು ಕಾಮೆಂಟ್ ಎಲ್ಲಿಂದ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ಹೇಳುವ ಗುರುತುಗಳು ಮತ್ತು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯೇ ಎರಡು ಕಡತಗಳ ನಡುವಿನ ಕೊಂಡಿ. ಪಠ್ಯ ಸುರಕ್ಷಿತವಾಗಿ ಬಂದು ಕಾಮೆಂಟ್‌ಗಳಷ್ಟೇ ಮಾಯವಾಗುವುದಕ್ಕೆ ಕಾರಣ ಇದೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ಕಾಮೆಂಟ್‌ಗೆ ಮತ್ತೊಬ್ಬರು ಉತ್ತರಿಸುವ ಸೌಲಭ್ಯ ವರ್ಡ್ 2013ರಲ್ಲಿ ಬಂದಾಗ, ಯಾವ ಉತ್ತರ ಯಾವ ಕಾಮೆಂಟ್‌ಗೆ ಸೇರಿದ್ದು, ಯಾವುದು ಬಗೆಹರಿದಿದೆ ಎಂಬ ಮಾಹಿತಿಯನ್ನು ಹಳೆಯ ಕಾಮೆಂಟ್ಸ್ ಕಡತಕ್ಕೆ ತುರುಕದೆ, ಕಾಮೆಂಟ್ಸ್‌ಎಕ್ಸ್‌ಟೆಂಡೆಡ್ ಎಂಬ ಇನ್ನೊಂದು ಕಡತದಲ್ಲಿಟ್ಟರು. ಆಮೇಲಿನ ಆವೃತ್ತಿಗಳಲ್ಲಿ ಕಾಮೆಂಟ್ಸ್‌ಐಡ್ಸ್ ಮೊದಲಾದ ಭಾಗಗಳೂ ಸೇರಿಕೊಂಡವು. ಹಳೆಯ ತಂತ್ರಾಂಶ ತನಗೆ ಪರಿಚಯವಿಲ್ಲದ ಇಂತಹ ಅಂಶಗಳನ್ನು ಕಡೆಗಣಿಸಿ ಮುಂದೆ ಸಾಗುತ್ತದೆ, ಹಾಗೆ ಕಡೆಗಣಿಸಬಹುದೆಂಬ ಸೂಚನೆಯೂ ಫೈಲಿನೊಳಗೇ ಇರುತ್ತದೆ. ಹೊಸ ಆವೃತ್ತಿಗೆ ಅವು ಅರ್ಥವಾಗುತ್ತವೆ. ಅರ್ಥವಾಗುವುದರಿಂದಲೇ ಅವುಗಳಲ್ಲಿನ ತಪ್ಪೂ ಅದಕ್ಕೆ ಕಾಣುತ್ತದೆ. ಆದ್ದರಿಂದ ನಿಮ್ಮ ಫೈಲನ್ನು ಅಪ್‌ಡೇಟ್ ಕೆಡಿಸಿದೆ ಎಂದು ನನಗೆ ಅನ್ನಿಸುವುದಿಲ್ಲ. ವಿಲೀನದ ಸಮಯದಲ್ಲೇ ಹುಟ್ಟಿದ ದೋಷ ಈಗ ಬೆಳಕಿಗೆ ಬಂದಿರಬೇಕು.

ಪ್ರತಿಯ ಹೆಸರಿನ ಕೊನೆಯ ಡಿಒಸಿಎಕ್ಸ್ ಅನ್ನು ಜಿಪ್ ಎಂದು ಬದಲಿಸಿ ಒಳಗೆ ನೋಡಿ. ಫೈಲಿಗೆ ಪಾಸ್‌ವರ್ಡ್ ಇದ್ದರೆ ಅದು ಜಿಪ್ ಆಗಿ ತೆರೆಯುವುದಿಲ್ಲ, ಮೊದಲು ಹಳೆಯ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ತೆಗೆಯಬೇಕಾಗುತ್ತದೆ. ವರ್ಡ್ ಎಂಬ ಫೋಲ್ಡರ್‌ನಲ್ಲಿರುವ ಕಾಮೆಂಟ್ಸ್ ಕಡತವನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂತಹ ಸರಳ ಪಠ್ಯ ಸಂಪಾದಕದಲ್ಲಿ ತೆರೆಯಿರಿ. ಎರಡನೆಯ ಸಾಲು ಎಂಬ ಸೂಚನೆಯಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಸಾಮಾನ್ಯವಾಗಿ ಇಡೀ ಕಡತ ಎರಡನೆಯ ಸಾಲಿನಲ್ಲೇ ಇರುತ್ತದೆ. ಅದರ ಪಕ್ಕದಲ್ಲಿ ಕೊಟ್ಟಿರುವ ಕಾಲಂ ಸಂಖ್ಯೆಯನ್ನು ಗಮನಿಸಿ.

ಅಲ್ಲಿ ಮುಖ್ಯವಾಗಿ ಹುಡುಕಬೇಕಾದುದು ಎರಡು ಬಗೆಯ ತಪ್ಪುಗಳನ್ನು. ಮೊದಲನೆಯದು, ಬೇರೆ ಬೇರೆ ಪ್ರತಿಗಳಿಂದ ಬಂದ ಎರಡು ಕಾಮೆಂಟ್‌ಗಳಿಗೆ ಒಂದೇ ಸಂಖ್ಯೆ ಇರುವುದು. ಪ್ರತಿಯೊಬ್ಬ ಪರಿಶೀಲಕರ ಫೈಲಿನಲ್ಲೂ ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಶುರುವಾಗಿರುತ್ತದೆ, ಆದ್ದರಿಂದ ಹಾಗೆಯೇ ಸೇರಿಸಿದರೆ ಸಂಖ್ಯೆಗಳು ಒಂದರ ಮೇಲೊಂದು ಬೀಳುವುದು ಖಚಿತ. ಎರಡನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ಕಾಮೆಂಟಿನ ಪ್ಯಾರಾಗಳಿಗೆ ಪ್ಯಾರಾಐಡಿ ಎಂಬ ಗುರುತು ಇರುತ್ತದೆ. ಅದು ಹೆಕ್ಸಾಡೆಸಿಮಲ್ ಪದ್ಧತಿಯ (0ಯಿಂದ 9 ಮತ್ತು ಎ ಇಂದ ಎಫ್ ಬಳಸುವ 16ರ ಎಣಿಕೆಯ) 8 ಅಂಕಿಗಳ ಸಂಖ್ಯೆ, ಮತ್ತು ಅದು 80000000ಕ್ಕಿಂತ ಕಡಿಮೆ ಇರಲೇಬೇಕು. ಅಂದರೆ ಅದರ ಮೊದಲ ಅಂಕಿ 0ಯಿಂದ 7ರೊಳಗೆ ಇರಬೇಕು. 8, 9 ಅಥವಾ ಎ ಇಂದ ಎಫ್‌ವರೆಗಿನ ಅಕ್ಷರದಿಂದ ಆರಂಭವಾದರೆ ಅದು ಅಸಿಂಧು. ಈ ಮಿತಿಯನ್ನು ತಿಳಿಯದೆ ಯಾದೃಚ್ಛಿಕವಾಗಿ ಸಂಖ್ಯೆ ಹುಟ್ಟಿಸುವ ಸ್ಕ್ರಿಪ್ಟ್ ಇದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಗುರುತುಗಳು ಮಿತಿ ಮೀರುತ್ತವೆ. ನಿಮ್ಮ ಸ್ಕ್ರಿಪ್ಟ್‌ನ ವಿಷಯದಲ್ಲಿ ನನ್ನ ಅನುಮಾನ ಇದರ ಮೇಲೆಯೇ ಹೆಚ್ಚು.

ತಿದ್ದಿದ ಮೇಲೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲೇ ಉಳಿಸಿ. ಮತ್ತೆ ಜಿಪ್ ಮಾಡುವಾಗ ಹೊರಗಿನ ಫೋಲ್ಡರನ್ನು ಆರಿಸದೆ ಅದರ ಒಳಗಿನ ಕಡತಗಳನ್ನು ಆರಿಸಿಕೊಳ್ಳಿ. ಒಳಗಿನ ಭಾಗಗಳ ಬಗೆಯನ್ನು ಪಟ್ಟಿ ಮಾಡುವ ಕಂಟೆಂಟ್ ಟೈಪ್ಸ್ ಎಂಬ ಕಡತ ಪೊಟ್ಟಣದ ಮೊದಲ ಹಂತದಲ್ಲೇ ಇರದಿದ್ದರೆ ಫೈಲ್ ತೆರೆಯುವುದೇ ಇಲ್ಲ. ಸೆವೆನ್ ಜಿಪ್‌ನಂತಹ ತಂತ್ರಾಂಶದಲ್ಲಿ ಪೊಟ್ಟಣವನ್ನು ಬಿಚ್ಚದೆಯೇ ಒಳಗಿನ ಕಡತವನ್ನು ತಿದ್ದಬಹುದಾದ್ದರಿಂದ ಈ ತೊಂದರೆ ತಪ್ಪುತ್ತದೆ.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೂ ಎಕ್ಸ್‌ಎಂಎಲ್ ಕಡತಕ್ಕೆ ಕೈ ಹಾಕುವ ಮೊದಲು ಹಳೆಯ ಕಂಪ್ಯೂಟರನ್ನು ಪೂರ್ತಿ ಬಳಸಿಕೊಳ್ಳಿ ಎಂದು ಒತ್ತಿ ಹೇಳಬಯಸುತ್ತೇನೆ. ಅಲ್ಲಿ ಫೈಲ್ ತೆರೆಯುತ್ತಿರುವಾಗಲೇ ಎಲ್ಲ ಕಾಮೆಂಟ್‌ಗಳೂ ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ತಿದ್ದುವಾಗ ಏನೇ ಆದರೂ ಯಾರು ಯಾವ ಜಾಗದಲ್ಲಿ ಏನು ಬರೆದಿದ್ದರು ಎಂಬ ದಾಖಲೆ ಇರುತ್ತದೆ, ಮತ್ತು ಕೊನೆಗೆ ಎಲ್ಲವೂ ಮರಳಿ ಬಂದಿವೆಯೇ ಎಂದು ಹೋಲಿಸಿ ನೋಡಲೂ ಅದೇ ಆಧಾರ. ಆ ಕಂಪ್ಯೂಟರನ್ನು ಸದ್ಯಕ್ಕೆ ಅಪ್‌ಡೇಟ್ ಮಾಡಬೇಡಿ.

ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲೂ ಒಮ್ಮೆ ತೆರೆದು ನೋಡಿ. ಒಂದು ತಂತ್ರಾಂಶ ತಿರಸ್ಕರಿಸಿದ ಫೈಲನ್ನು ಇನ್ನೊಂದು ಸಹಿಸಿಕೊಳ್ಳುವುದು ಅಪರೂಪವಲ್ಲ, ಅಲ್ಲಿಂದ ಬೇರೆ ಹೆಸರಿನಲ್ಲಿ ಉಳಿಸಿದಾಗ ಕಾಮೆಂಟ್ಸ್ ಕಡತ ಹೊಸದಾಗಿ ಬರೆಯಲ್ಪಡುತ್ತದೆ. ಆದರೆ ಪುಟ ವಿನ್ಯಾಸ, ಕೋಷ್ಟಕ, ಅಡಿಟಿಪ್ಪಣಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬರಬಹುದಾದ್ದರಿಂದ ಅಂತಿಮ ಪ್ರತಿಗೆ ಈ ಮಾರ್ಗವನ್ನು ನಾನು ಆರಿಸಲಾರೆ. ಹಳೆಯ ಡಿಒಸಿ ರೂಪದಲ್ಲಿ ಉಳಿಸಿ ಮತ್ತೆ ಡಿಒಸಿಎಕ್ಸ್ ಮಾಡಿಕೊಳ್ಳಿ ಎಂಬ ಸಲಹೆಯೂ ನಿಮಗೆ ಸಿಗಬಹುದು. ಅದರಲ್ಲಿ ಕಾಮೆಂಟಿನ ಮಾತುಗಳು ಉಳಿದರೂ ಉತ್ತರಗಳ ಸರಣಿ ಮತ್ತು ಬಗೆಹರಿದಿದೆ ಎಂಬ ಗುರುತು ಉಳಿಯುವುದಿಲ್ಲ, ನಿಮ್ಮ ಕೆಲಸಕ್ಕೆ ಅವು ಮುಖ್ಯ.

ಇನ್ನೊಂದು ವಿಷಯ. ಹೊಸ ಬಗೆಯ ಕಾಮೆಂಟ್ ವ್ಯವಸ್ಥೆಯಲ್ಲಿ ಬಗೆಹರಿದ ಕಾಮೆಂಟ್‌ಗಳು ಪುಟದ ಅಂಚಿನಲ್ಲಿ ಕಾಣುವುದಿಲ್ಲ, ಕಾಮೆಂಟ್‌ಗಳ ಫಲಕವನ್ನು ತೆರೆದಾಗಲಷ್ಟೇ ಕಾಣುತ್ತವೆ. ಕಾಣೆಯಾದುವೆಂದು ನೀವು ಎಣಿಸಿದವುಗಳಲ್ಲಿ ಕೆಲವು ಅಲ್ಲಿಯೇ ಇರಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಪಿಡಿಎಫ್ ಮಾಡಿಟ್ಟ ಮೇಲೆ ಕಾಮೆಂಟ್ಸ್ ಕಡತವನ್ನು ಪರೀಕ್ಷಿಸಿದೆ. ಸಂಖ್ಯೆಗಳು ಎಲ್ಲಿಯೂ ಪುನರಾವರ್ತನೆಯಾಗಿಲ್ಲ, ಆದರೆ ಸ್ಕ್ರಿಪ್ಟ್ ಸೇರಿಸಿದ ಕಾಮೆಂಟ್‌ಗಳಲ್ಲಿ ಅನೇಕ ಪ್ಯಾರಾಐಡಿಗಳು 9, ಬಿ, ಇ ಮುಂತಾದವುಗಳಿಂದ ಆರಂಭವಾಗಿದ್ದವು. ಅವುಗಳ ಮೊದಲ ಅಂಕಿಯನ್ನು 7ರೊಳಗಿನ ಅಂಕಿಗೆ ಬದಲಿಸಿ ಉಳಿಸಿದ ನಂತರ ಫೈಲ್ ಯಾವ ಸಂದೇಶವೂ ಇಲ್ಲದೆ ತೆರೆಯಿತು, ಎಲ್ಲ ಕಾಮೆಂಟ್‌ಗಳೂ ಬಂದಿವೆ.

ಆದರೆ ಈಗ ಹೊಸ ತೊಡಕು ಎದುರಾಗಿದೆ. ಲೇಖಕರು ಕೊಟ್ಟಿದ್ದ ಉತ್ತರಗಳು ಆಯಾ ಕಾಮೆಂಟಿನ ಕೆಳಗೆ ಸೇರಿಕೊಳ್ಳದೆ ಬಿಡಿ ಕಾಮೆಂಟ್‌ಗಳಾಗಿ ನಿಂತಿವೆ. ಬಗೆಹರಿದವೆಂದು ಗುರುತಿಸಿದ್ದ ಕೆಲವು ಮತ್ತೆ ಬಾಕಿ ಎಂದು ತೋರಿಸುತ್ತಿವೆ. ಹೀಗಾಗಲು ಕಾರಣವೇನು?

ಮೊದಲ ಉತ್ತರ ಕೊಟ್ಟವರಿಂದ

ಮೂಲ ದೋಷ ಸಿಕ್ಕಿರುವುದು ಸಂತೋಷದ ವಿಷಯ. ಉಳಿದಿರುವ ತೊಡಕು ಕೂಡ ಅದೇ ಗುರುತಿಗೆ ಸಂಬಂಧಿಸಿದ್ದು. ಕಾಮೆಂಟ್ಸ್‌ಎಕ್ಸ್‌ಟೆಂಡೆಡ್ ಕಡತ ಪ್ರತಿ ಕಾಮೆಂಟನ್ನೂ ಅದರ ಸಂಖ್ಯೆಯಿಂದ ಗುರುತಿಸುವುದಿಲ್ಲ, ಆ ಕಾಮೆಂಟಿನ ಕೊನೆಯ ಪ್ಯಾರಾದ ಪ್ಯಾರಾಐಡಿಯಿಂದ ಗುರುತಿಸುತ್ತದೆ. ಉತ್ತರವಾಗಿ ಬಂದ ಕಾಮೆಂಟ್‌ಗೆ ಪ್ಯಾರಾಐಡಿಪೇರೆಂಟ್ ಎಂಬ ಇನ್ನೊಂದು ಅಂಶವಿದ್ದು, ಅದರಲ್ಲಿ ಮೂಲ ಕಾಮೆಂಟಿನ ಪ್ಯಾರಾಐಡಿ ಬರೆದಿರುತ್ತದೆ. ನೀವು ಕಾಮೆಂಟ್ಸ್ ಕಡತದಲ್ಲಿ ಗುರುತನ್ನು ಬದಲಿಸಿದ್ದೀರಿ, ಆದರೆ ಕಾಮೆಂಟ್ಸ್‌ಎಕ್ಸ್‌ಟೆಂಡೆಡ್‌ನಲ್ಲಿ ಹಳೆಯ ಗುರುತೇ ಇದೆ. ಕೊಂಡಿ ಕಳಚಿದ್ದರಿಂದ ಉತ್ತರಗಳು ಬಿಡಿಯಾಗಿ ನಿಂತವು. ಬಗೆಹರಿದ ಸ್ಥಿತಿಯೂ ಅದೇ ಕಡತದಲ್ಲಿರುವುದರಿಂದ ಅದೂ ತಪ್ಪಿಹೋಗಿದೆ.

ಮೂಲ ಫೈಲಿನ ಹೊಸ ಪ್ರತಿಯಿಂದ ಮತ್ತೆ ಆರಂಭಿಸುವುದು ಒಳ್ಳೆಯದು. ತಪ್ಪಾದ ಪ್ರತಿಯೊಂದು ಪ್ಯಾರಾಐಡಿಗೂ ಒಂದು ಹೊಸ ಗುರುತನ್ನು ನಿಶ್ಚಯಿಸಿ, ಹಳೆಯದನ್ನು ಕಾಮೆಂಟ್ಸ್, ಕಾಮೆಂಟ್ಸ್‌ಎಕ್ಸ್‌ಟೆಂಡೆಡ್, ಮತ್ತು ಇದ್ದರೆ ಕಾಮೆಂಟ್ಸ್‌ಐಡ್ಸ್, ಈ ಎಲ್ಲ ಕಡತಗಳಲ್ಲೂ ಹುಡುಕಿ ಬದಲಿಸಿ. ಪ್ಯಾರಾಐಡಿಪೇರೆಂಟ್‌ನಲ್ಲಿ ಬಂದಿರುವ ಕಡೆಯೂ ಬದಲಾಗಬೇಕು. ಮೊದಲ ಅಂಕಿಯನ್ನು ಮಾತ್ರ ಬದಲಿಸುವಾಗ ಹೊಸ ಗುರುತು ಬೇರೊಂದು ಪ್ಯಾರಾದ ಗುರುತಿನೊಂದಿಗೆ ಹೊಂದಿಕೆಯಾಗಿಬಿಡುವ ಸಾಧ್ಯತೆ ಕಡಿಮೆಯಾದರೂ ಇದೆ. ಆದ್ದರಿಂದ ಬಳಸುವ ಮುನ್ನ ಡಾಕ್ಯುಮೆಂಟ್ ಕಡತದಲ್ಲೂ ಒಮ್ಮೆ ಹುಡುಕಿ ನೋಡಿ, ಮುಖ್ಯ ಪಠ್ಯದ ಪ್ಯಾರಾಗಳಿಗೂ ಇದೇ ಬಗೆಯ ಗುರುತುಗಳಿರುತ್ತವೆ.

ಸಮಯದ ಅಭಾವದಿಂದ ಕೆಲವರು ಕಾಮೆಂಟ್ಸ್‌ಎಕ್ಸ್‌ಟೆಂಡೆಡ್ ಕಡತವನ್ನೇ ಕಿತ್ತುಹಾಕುತ್ತಾರೆ. ಹಾಗೆ ಮಾಡುವುದಾದರೆ ಭಾಗಗಳ ನಡುವಿನ ಸಂಬಂಧಗಳನ್ನು ದಾಖಲಿಸುವ ರೆಲ್ಸ್ ಫೋಲ್ಡರ್‌ನಲ್ಲಿ ಮತ್ತು ಕಂಟೆಂಟ್ ಟೈಪ್ಸ್ ಕಡತದಲ್ಲಿ ಅದರ ಬಗ್ಗೆ ಇರುವ ಉಲ್ಲೇಖಗಳನ್ನೂ ತೆಗೆಯಬೇಕು, ಇಲ್ಲವಾದರೆ ಇಲ್ಲದ ಭಾಗವನ್ನು ಹುಡುಕುತ್ತಾ ತಂತ್ರಾಂಶ ಮತ್ತೆ ದೋಷ ತೋರಿಸುತ್ತದೆ. ಉತ್ತರಗಳ ಸರಣಿ ನಿಮಗೆ ಅಗತ್ಯವಿರುವುದರಿಂದ ನಿಮ್ಮ ಫೈಲಿಗೆ ಈ ಮಾರ್ಗ ಬೇಡ. ಸ್ಕ್ರಿಪ್ಟ್ ಬರೆದ ಸಹೋದ್ಯೋಗಿಗೆ ಪ್ಯಾರಾಐಡಿಯ ಮಿತಿಯನ್ನು ತಿಳಿಸಿ, ಅದನ್ನು ತಿದ್ದುವವರೆಗೆ ಆ ಸ್ಕ್ರಿಪ್ಟ್‌ನಿಂದ ಬೇರೆ ಯಾವ ಕರಡನ್ನೂ ವಿಲೀನಗೊಳಿಸಬೇಡಿ.