ಅಪ್‌ಡೇಟ್: ಕೊನೆಗೂ ಹಾರ್ಡ್ ಡಿಸ್ಕ್ ನಾನೇ ಬದಲಿಸಿದೆ

ಹಳೇ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ನಾನೇ ಬದಲಿಸಲೋ, ರಿಪೇರಿ ಅಂಗಡಿಗೆ ಕೊಡಲೋ ಅಂತ ಹೋದ ತಿಂಗಳು ಕೇಳಿದ್ದೆ. ನಾನೇ ಮಾಡಿದೆ. ಲ್ಯಾಪ್‌ಟಾಪ್ ಬದುಕಿದೆ!

ಬಿಚ್ಚಿ ಜೋಡಿಸುವುದು ಅರ್ಧ ಗಂಟೆಯ ಕೆಲಸ. ಒಂದು ಸ್ಕ್ರೂ ರಬ್ಬರ್ ಕಾಲಿನ ಕೆಳಗೆ ಅಡಗಿತ್ತು. ಅದು ಗೊತ್ತಾಗದೆ ಮುಚ್ಚಳ ಎಳೆದು ಒಂದು ಕ್ಲಿಪ್ ಮುರಿದೆ. ಬ್ಯಾಟರಿ ಕನೆಕ್ಟರ್ ಮೊದಲೇ ತೆಗೆಯಿರಿ ಅಂದಿದ್ದಿರಲ್ವಾ, ಅದನ್ನು ಮಾತ್ರ ಮರೆಯಲಿಲ್ಲ.

ನಿಜವಾಗಿ ತಲೆ ತಿಂದದ್ದು ಡೇಟಾ. ಹೊಸ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು (ಹಾರ್ಡ್ ಡಿಸ್ಕ್ ಜಾಗದಲ್ಲೇ ಕೂರುವ, ತಿರುಗುವ ಭಾಗಗಳಿಲ್ಲದ ಡ್ರೈವ್) ಯುಎಸ್‌ಬಿ ಅಡಾಪ್ಟರ್‌ಗೆ ಸಿಕ್ಕಿಸಿ ಕ್ಲೋನ್ ಮಾಡಲು, ಅಂದರೆ ಹಳೇದರಲ್ಲಿದ್ದುದನ್ನೆಲ್ಲ ಹಾಗೇ ನಕಲಿಸಲು ಹೊರಟೆ. ಹಳೇ ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್‌ಗಳಿದ್ದವು (ಹಾಳಾಗಿ ಓದಲಾಗದ ಜಾಗಗಳು), ಅರ್ಧದಲ್ಲೇ ನಿಂತುಬಿಟ್ಟಿತು. ಎರಡು ಸಲ! ಕೊನೆಗೆ ಬೇಕಾದ ಫೈಲ್‌ಗಳನ್ನಷ್ಟೇ ಕಾಪಿ ಮಾಡಿಕೊಂಡು, ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹೊಸದಾಗಿ ಹಾಕಿದೆ. ವಿಂಡೋಸ್ ಲೈಸೆನ್ಸ್ ಕೀ ಕೇಳುತ್ತದೇನೋ ಅಂತ ಸುಮ್ನೆ ಹೆದರಿದ್ದೆ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್ (ಲ್ಯಾಪ್‌ಟಾಪ್‌ನ ಮುಖ್ಯ ಸರ್ಕ್ಯೂಟ್ ಬೋರ್ಡ್) ನೋಡಿ ಗುರುತು ಹಿಡಿಯುತ್ತದೆ, ಡಿಸ್ಕ್ ನೋಡಿ ಅಲ್ಲ. ಇಂಟರ್ನೆಟ್ ಸಿಕ್ಕಿದ್ದೇ ತಡ, ತಾನಾಗಿಯೇ ಆಕ್ಟಿವೇಟ್ ಆಯಿತು.

ಇನ್ನೊಂದು ಎಡವಟ್ಟು: ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸದು 7. ಒಳಗೆ ಅಲುಗಾಡುತ್ತಿತ್ತು. ಎಸ್‌ಎಸ್‌ಡಿ ಜೊತೆ ಬಂದಿದ್ದ ಪ್ಲಾಸ್ಟಿಕ್ ಚೌಕಟ್ಟು ಯಾಕೆಂದು ಆಗಲೇ ಗೊತ್ತಾಗಿದ್ದು. ಅದನ್ನಾಗಲೇ ಡಬ್ಬದ ಜೊತೆ ಎಸೆದಿದ್ದೆ. ಕಸದ ಬುಟ್ಟಿಯಿಂದ ಹುಡುಕಿ ತಂದೆ.

ಅಂಗಡಿಗೆ ಹೋಗಬೇಡಿ ಅನ್ನುತ್ತಿಲ್ಲ. ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದು, ಬ್ಯಾಕಪ್ ಇಲ್ಲದ ಫೋಟೋಗಳು ಅದರಲ್ಲಿದ್ದಿದ್ದರೆ ನಾನಂತೂ ಮುಟ್ಟುತ್ತಿರಲಿಲ್ಲ. ನೇರವಾಗಿ ಡೇಟಾ ರಿಕವರಿಯವರ ಹತ್ತಿರ ಹೋಗುತ್ತಿದ್ದೆ. ಮುರಿದ ಕ್ಲಿಪ್ ಇದ್ದ ಮೂಲೆಗೆ ಸದ್ಯಕ್ಕೆ ಟೇಪ್ ಅಂಟಿಸಿದ್ದೇನೆ.