ಮೂರು ವರ್ಷದ ಸ್ಕೀಮ್ ಮುಗಿದ ಮೇಲೆ ಮಹಿಳಾ ವಿಜ್ಞಾನಿ ಎಲ್ಲಿಗೆ ಹೋಗಬೇಕು?

ಎಂಟೆಕ್ ತುಮಕೂರು:
ಎಲ್ಲರಿಗೂ ನಮಸ್ಕಾರ. ಎನರ್ಜಿ ಸಿಸ್ಟಮ್ಸ್‌ನಲ್ಲಿ ಎಂ.ಟೆಕ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಪಾವಗಡದ ಕಡೆ ಬಿಸಿಲು ಅಳೆಯುತ್ತಿದ್ದೇನೆ. ಇದೇ ಕೆಲಸದಲ್ಲಿ ಮುಂದುವರಿಯಬೇಕು ಅಂತ ತುಂಬಾ ಆಸೆ. ಅಪ್ಪ ಮಾತ್ರ "ಸಾಫ್ಟ್‌ವೇರ್ ನೋಡಿಕೋ, ಮದುವೆ ಆದಮೇಲೆ ಬಿಸಿಲಲ್ಲಿ ಅಲೆಯೋಕಾಗುತ್ತಾ" ಅಂತಾರೆ. ಹೆಣ್ಣುಮಕ್ಕಳಿಗೆ ಅಂತ ಇರುವ ಸ್ಕೀಮ್‌ಗಳು ಈ ಕ್ಷೇತ್ರದಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತವಾ? ಅನುಭವ ಇರುವವರು ಹೇಳಿ.

ಕ್ಯಾಲಿಬ್ರೇಶನ್ ಅಕ್ಕ:
ಬರುತ್ತವೆ ತಂಗಿ, ಅರ್ಧ ದಾರಿಯವರೆಗೆ. ಎರಡನೇ ಮಗು ಆದಾಗ ನಾನು ಕೆಲಸ ಬಿಟ್ಟೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಮಹಿಳಾ ವಿಜ್ಞಾನಿ ಯೋಜನೆ ಇದ್ದಿದ್ದಕ್ಕೇ ಮತ್ತೆ ಲ್ಯಾಬ್ ಮುಖ ನೋಡಿದೆ. ಮಧ್ಯದಲ್ಲಿ ಕೆಲಸ ಬಿಟ್ಟವರಿಗೆ ಅಂತಲೇ ಇದ್ದ ಯೋಜನೆ ಅದು. 3 ವರ್ಷ ಸಿಕ್ಕಿತು.

ಆ ಮೂರು ವರ್ಷ ಏನು ಮಾಡಿದೆ ಗೊತ್ತಾ? ಬೆಳಕು ಹರಿಯುವ ಮುಂಚೆ ಟೆರೇಸ್ ಹತ್ತಿ ಪೈರನೋಮೀಟರ್‌ನ (ಬಿಸಿಲು ಅಳೆಯುವ ಮೀಟರ್) ಗಾಜಿನ ಡೋಮ್ ಮೇಲಿನ ಇಬ್ಬನಿ ಒರೆಸುವುದು. ಲೆವೆಲ್ ಗುಳ್ಳೆ ನಡುವೆ ನಿಂತಿದೆಯಾ ನೋಡುವುದು. ತೇವ ಹೀರುವ ಸಿಲಿಕಾ ಜೆಲ್ ಬಣ್ಣ ತಿರುಗಿದ್ದರೆ ಬದಲಿಸುವುದು. ಆಮೇಲೆ ದಿನವಿಡೀ ನಮ್ಮ ಮೀಟರನ್ನು ಖಚಿತ ಅಳತೆಯ ರೆಫರೆನ್ಸ್ ಮೀಟರ್ ಪಕ್ಕ ಇಟ್ಟು ಹೋಲಿಸುವುದು, ಅಂದರೆ ಕ್ಯಾಲಿಬ್ರೇಶನ್. ಯಾವ ಉಪಕರಣ ಮಧ್ಯಾಹ್ನ ಕಾದಾಗ ಸ್ವಲ್ಪ ಜಾರುತ್ತದೆ ಅಂತ ಕೈಗೇ ಗೊತ್ತಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಸ್ಕೀಮ್ ಮುಗಿಯಿತು. ಕಾಯಂ ಹುದ್ದೆಗೆ ಅರ್ಜಿ ಹಾಕೋಣ ಅಂದರೆ ವಯಸ್ಸು ಮೀರಿತ್ತು. ನೋಟ್‌ಬುಕ್ ಒಪ್ಪಿಸಿ ಬಂದೆ. ಆರು ತಿಂಗಳಿಗೆ ಅದೇ ಲ್ಯಾಬ್‌ನಿಂದ ಫೋನ್: "ಮೇಡಂ, ಎರಡು ಮೀಟರ್ ಬೇರೆ ಬೇರೆ ತೋರಿಸ್ತಿವೆ, ಯಾಕೆ?" ಆ ದಿನ ಅತ್ತಿದ್ದೆ. ಈಗ ಖಾಸಗಿ ಲ್ಯಾಬ್‌ನಲ್ಲಿದ್ದೇನೆ.

ಮಲೆನಾಡಿಗ:
ಅಕ್ಕ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೂ ಒಂದು ಮಾತು. ಓದುತ್ತಿರುವುದು ಗಂಡಸೋ ಹೆಂಗಸೋ ಅಂತ ಮೀಟರ್‌ಗೆ ಗೊತ್ತಿಲ್ಲ. ಹೆಣ್ಣುಮಕ್ಕಳಿಗೇ ಬೇರೆ ಸ್ಕೀಮ್ ಯಾಕೆ ಬೇಕು? ಹವಾಮಾನ ವಿಜ್ಞಾನಿ ಅಣ್ಣಾ ಮಣಿ, ಮೈಕ್ರೋವೇವ್ ಎಂಜಿನಿಯರ್ ರಾಜೇಶ್ವರಿ ಚಟರ್ಜಿ ಇವರೆಲ್ಲ ಸ್ವಂತ ಸಾಮರ್ಥ್ಯದಿಂದಲೇ ಬಂದರಲ್ಲವೇ? 2022ರಲ್ಲಿ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಮೊದಲ ಮಹಿಳಾ ಮುಖ್ಯಸ್ಥೆಯಾದ ಕಲೈಸೆಲ್ವಿ ಅವರು ತಮಿಳು ಮಾಧ್ಯಮದಲ್ಲಿ ಓದಿ, ಬ್ಯಾಟರಿ ಸಂಶೋಧನೆ ಮಾಡುತ್ತಾ ಮೇಲೆ ಬಂದವರು.

ನಿವೃತ್ತ ಮೇಷ್ಟ್ರು:
ಮಲೆನಾಡಿಗರೇ, ನೀವು ಹೇಳಿದ ಮೊದಲ ಇಬ್ಬರ ಜೀವನವನ್ನು ಹತ್ತಿರದಿಂದ ನೋಡಿ. ನಿಮ್ಮ ವಾದಕ್ಕೇ ಅದು ಎದುರಾಗಿ ನಿಲ್ಲುತ್ತದೆ.

ರಾಜೇಶ್ವರಿ ಅವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಅಮೆರಿಕದ ಮಿಶಿಗನ್‌ಗೆ ಹೋಗಿದ್ದು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ. ಅಲ್ಲಿಂದ 1949ರಲ್ಲಿ 8 ತಿಂಗಳು ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರೇಡಿಯೋ ತರಂಗಗಳ ಅಳತೆ ಕಲಿತರು. ಅಳತೆ ವಿದ್ಯೆಗೆ ಅದಕ್ಕಿಂತ ದೊಡ್ಡ ಮನೆ ಆಗ ಯಾವುದಿತ್ತು? ವಾಪಸ್ ಬಂದಾಗ ಬೆಂಗಳೂರಿನ ಐಐಎಸ್‌ಸಿಯಲ್ಲಿ ಅವರಿಗೆ ಕೆಲಸ ಇತ್ತು.

ಅಣ್ಣಾ ಮಣಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಹತ್ತಿರ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿದರು. ಎಂ.ಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಆಮೇಲೆ ಸ್ಕಾಲರ್‌ಶಿಪ್ ಮೇಲೆ ಲಂಡನ್‌ಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. 1976ರವರೆಗೆ ಅದೇ ಇಲಾಖೆ. 28 ವರ್ಷ! ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಹುಟ್ಟಿದ್ದು ಆ ಅವಧಿಯಲ್ಲಿ. ಭಾರತದ ಸೌರ ವಿಕಿರಣದ ಕೈಪಿಡಿ ಬಂದಿದ್ದು 1980ರಲ್ಲಿ, ನಿವೃತ್ತಿಯ ನಂತರ. ಅವರನ್ನು ಮೂರೇ ವರ್ಷಕ್ಕೆ ಮನೆಗೆ ಕಳಿಸಿದ್ದರೆ ಆ ಕೈಪಿಡಿ ಎಲ್ಲಿರುತ್ತಿತ್ತು?

ಇನ್ನೊಂದು. ಅಣ್ಣಾ ಮಣಿ ಮದುವೆ ಆಗಲಿಲ್ಲ. ಅದು ಅವರ ಇಷ್ಟ. ಆದರೆ ವಿಜ್ಞಾನ ಬೇಕೆನ್ನುವ ಪ್ರತಿ ಹುಡುಗಿಯೂ ಹಾಗೇ ಇರಬೇಕು ಅಂತ ನಾವು ಕೇಳಬಾರದು.

ಮಲೆನಾಡಿಗ:
ಮೇಷ್ಟ್ರೇ, ಸ್ಕಾಲರ್‌ಶಿಪ್ ವಿಷಯ ಮತ್ತು ಆ 28 ವರ್ಷದ ವಿಷಯ ಒಪ್ಪಿದೆ. ಆದರೆ ಕಾಯಂ ಹುದ್ದೆ ಇಲ್ಲದೆ ನಮ್ಮ ಹುಡುಗರೂ ಪ್ರಾಜೆಕ್ಟ್‌ನಿಂದ ಪ್ರಾಜೆಕ್ಟ್‌ಗೆ ಹಾರುತ್ತಿದ್ದಾರೆ. ನನ್ನ ತಮ್ಮನೇ ಇದ್ದಾನೆ. ಅದು ಹೆಣ್ಣುಮಕ್ಕಳ ಕಷ್ಟ ಮಾತ್ರ ಹೇಗಾಗುತ್ತದೆ?

ಕ್ಯಾಲಿಬ್ರೇಶನ್ ಅಕ್ಕ:
ನಿಮ್ಮ ತಮ್ಮನಿಗೂ ಕಾಯಂ ಕೆಲಸ ಸಿಗಲಿ, ಮನಸಾರೆ ಹೇಳ್ತೀನಿ. ವ್ಯತ್ಯಾಸ ಇರುವುದು ವಯಸ್ಸಿನ ಲೆಕ್ಕದಲ್ಲಿ. ಬಸಿರು, ಬಾಣಂತನ, ಮಗುವಿನ ಮೊದಲ ವರ್ಷಗಳು ಎಲ್ಲ ಬರುವುದು ಹುದ್ದೆಯ ವಯೋಮಿತಿ ಹತ್ತಿರ ಆಗುವ ಹೊತ್ತಿಗೇ. ಮನೆಯಲ್ಲಿ ಕಳೆದ ವರ್ಷಗಳನ್ನು ವಯೋಮಿತಿಯಿಂದ ಬಿಟ್ಟು ಲೆಕ್ಕ ಹಾಕಿ. ನಾನು ಕೇಳುವುದು ಅಷ್ಟೇ. ಪರೀಕ್ಷೆ, ಇಂಟರ್‌ವ್ಯೂ ಎಲ್ಲರಿಗೂ ಒಂದೇ ಇರಲಿ.

ಹೈವೋಲ್ಟೇಜ್ ಲ್ಯಾಬ್:
ಹುದ್ದೆ ಸಿಕ್ಕ ಮೇಲಿನ ಕಥೆಯನ್ನೂ ಹೇಳಬೇಕು. ನಾನು ಕೇಬಲ್, ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗ್‌ನಲ್ಲಿದ್ದೇನೆ. ಇನ್ಸುಲೇಶನ್ (ವಿದ್ಯುತ್ ತಡೆಯುವ ಹೊದಿಕೆ) ಒಳಗಿನ ಸಣ್ಣ ಸಣ್ಣ ಡಿಸ್ಚಾರ್ಜ್, ಅಂದರೆ ಕಿಡಿಗಳನ್ನು ಅಳೆಯುವಾಗ ಸುತ್ತಲಿನ ವಿದ್ಯುತ್ ಗದ್ದಲ ಕಡಿಮೆ ಇರಬೇಕು. ಹಾಗಾಗಿ ನಮ್ಮಲ್ಲಿ ರಾತ್ರಿ ಮಾಡ್ತೀವಿ. ಸೇರಿದ ಹೊಸದರಲ್ಲಿ ರಾತ್ರಿ ಪಟ್ಟಿಯಲ್ಲಿ ನನ್ನ ಹೆಸರು ಇರುತ್ತಿರಲಿಲ್ಲ. ಕಾಳಜಿಯಿಂದಲೇ ಬಿಟ್ಟಿದ್ದರು. ಆದರೆ ಪೇಪರ್ ಬರೆಯುವಾಗ ಹೆಸರು ಬರುವುದು ಅಳೆದವರದ್ದು. ಒಂದು ವರ್ಷ ನನ್ನ ಹೆಸರು ಎಲ್ಲೂ ಬರಲಿಲ್ಲ.

ಆಮೇಲೆ ನಾನೇ ಹೋಗಿ ಕೇಳಿದೆ: "ಸರ್, ನನ್ನನ್ನು ಬಿಡಬೇಡಿ. ಮನೆಗೆ ಬಿಡೋಕೆ ಒಂದು ಗಾಡಿ ಕೊಡಿ, ರಾತ್ರಿ ಇಬ್ಬರು ಹೆಂಗಸರನ್ನು ಒಟ್ಟಿಗೆ ಹಾಕಿ." ಒಂದು ವಾರದಲ್ಲಿ ಆಯಿತು. ಸೈಟ್ ಕೆಲಸವೂ ಹಾಗೇ. ಬಯಲಲ್ಲಿ ಶೌಚಾಲಯ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೆಲಸ ಮಾಡಿದ ಹುಡುಗಿಯರನ್ನು ಕಂಡಿದ್ದೇನೆ. ಟೆಂಡರ್‌ನಲ್ಲಿ ಮೀಟರ್, ಕೇಬಲ್, ಬೇಲಿ ಎಲ್ಲ ಬರೆಯುತ್ತಾರೆ. ಅದರ ಜೊತೆ ಒಂದು ಶೌಚಾಲಯ ಬರೆಯೋಕೆ ಎಷ್ಟು ಹೊತ್ತು ಬೇಕು? ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದಲೂ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು. ತಂಗಿ, ಇಂಟರ್‌ವ್ಯೂಗೆ ಹೋದಾಗ ಅದು ಎಲ್ಲಿದೆ ಅಂತ ಸಂಕೋಚ ಇಲ್ಲದೆ ಕೇಳು.

ಮಲೆನಾಡಿಗ:
ನೀರು ಕುಡಿಯದೆ ಕೆಲಸ ಮಾಡುವ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮದು ಗಾಳಿಯಂತ್ರದ ಸೈಟ್, ಮುಂದಿನ ತಿಂಗಳು ಹೊಸ ಮಾಸ್ಟ್ (ಗಾಳಿ ಅಳೆಯುವ ಕಂಬ) ನಿಲ್ಲಿಸುತ್ತಿದ್ದೇವೆ. ಎಸ್ಟಿಮೇಟ್ ನನ್ನ ಟೇಬಲ್ ಮೇಲೇ ಇದೆ. ಶೌಚಾಲಯ ಸೇರಿಸುತ್ತೇನೆ. ವಯೋಮಿತಿ ಬಗ್ಗೆ ಅಕ್ಕ ಹೇಳಿದ್ದೂ ಸರಿ ಅನ್ನಿಸಿತು. ಹೆಣ್ಣುಮಕ್ಕಳಿಗೇ ಬೇರೆ ಫೆಲೋಶಿಪ್ ಬೇಕು ಅನ್ನುವುದನ್ನು ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ.

ಕ್ಯಾಲಿಬ್ರೇಶನ್ ಅಕ್ಕ:
ಅಷ್ಟು ಮಾಡಿದರೆ ಸಾಕು ಅಣ್ಣ, ಉಳಿದಿದ್ದಕ್ಕೆ ಇನ್ನೊಂದು ದಿನ ಜಗಳ ಆಡೋಣ.

ತುಮಕೂರಿನ ತಂಗಿ, ನಿನ್ನ ಮೀಟರ್ ಕ್ಯಾಲಿಬ್ರೇಟ್ ಆಗಿ ಎಷ್ಟು ದಿನ ಆಯಿತು? ಗೈಡ್‌ಗೆ ಹೇಳಿ ನಮ್ಮ ಲ್ಯಾಬ್‌ಗೆ ತಗೊಂಡು ಬಾ. ರೆಫರೆನ್ಸ್ ಪಕ್ಕ ಇಟ್ಟು ನೋಡೋಣ. ಅಪ್ಪನನ್ನೂ ಕರೆದುಕೊಂಡು ಬಾ. ಶುಕ್ರವಾರ ರಾತ್ರಿ ನಮ್ಮ ಮನೆಯಲ್ಲೇ ಉಳಿದುಕೊಳ್ಳಿ.

ಎಂಟೆಕ್ ತುಮಕೂರು:
ಅಕ್ಕ, ತುಂಬಾ ಖುಷಿ ಆಯಿತು. ಈಗಲೇ ಅಪ್ಪನಿಗೆ ಫೋನ್ ಮಾಡಿದೆ. "ಬಿಸಿಲು ಅಳೆಯೋದನ್ನ ನಾನೂ ನೋಡ್ತೀನಿ" ಅಂದರು. ಶನಿವಾರ ಎಷ್ಟು ಹೊತ್ತಿಗೆ ಶುರು?

ಕ್ಯಾಲಿಬ್ರೇಶನ್ ಅಕ್ಕ:
ಐದೂವರೆಗೆ ಟೆರೇಸ್ ಮೇಲಿರಬೇಕು. ಡೋಮ್ ನೀನೇ ಒರೆಸು.